ತಗಡಿನ ಶೆಡ್ಡಿಗೆ ಬಂದ ಮಿಷನ್ನು

ಶಿವಯೋಗಪ್ಪನ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕ್ರಾಂತಿ ಎಂಬ ನಾನು ಎಲ್ಲರಿಗೂ ನ್ಯಾಯವಾಗಿ ಬರೆದಿದ್ದೇನೆ ಎಂದು ಯಾರೂ ನಂಬಿಕೊಳ್ಳುವುದು ಬೇಡ. ಹರಪನಹಳ್ಳಿಯಲ್ಲಿ ಅವನ ವೆಲ್ಡಿಂಗ್ ಶಾಪು ದೊಡ್ಡದು. ನಮ್ಮಣ್ಣ ಗುರುಮೂರ್ತಿ ಅಲ್ಲಿ ಹತ್ತೊಂಬತ್ತು ವರ್ಷ ದುಡಿದ. ಊರಿನ ಎಷ್ಟೋ ಗೇಟು, ಕಿಟಕಿ, ಮೆಕ್ಕೆಜೋಳದ ಗೋದಾಮುಗಳ ಬಾಗಿಲು ಅವನ ಕೈಯಿಂದ ಬಂದವು. ಯಾರು ಮಾಡಿದ್ದು ಎಂದು ಕೇಳಿದವರಿಗೆಲ್ಲ ಶಿವಯೋಗಪ್ಪ "ಎಲ್ಲಾ ನಂದ ಕೆಲಸ" ಅನ್ನುತ್ತಿದ್ದ. ಅಣ್ಣ ಪಕ್ಕದಲ್ಲೇ ನಿಂತಿರುತ್ತಿದ್ದ. ಶಿವಯೋಗಪ್ಪ ಒಂದು ದಿನವೂ ಅವನನ್ನು ಹೆಸರು ಹಿಡಿದು ಕರೆದದ್ದಿಲ್ಲ. ನಮ್ಮಪ್ಪನ ಹೆಸರು ಜೋಗಪ್ಪ, ಹಾಗಾಗಿ ಅಣ್ಣ ಅವನ ಬಾಯಲ್ಲಿ ಬರೀ "ಜೋಗ್ಯಾನ ಮಗ".

ಎರಡು ವರ್ಷದ ಕೆಳಗೆ ಶಾಪಿಗೆ ಮಿಗ್ ಎಂಬ ಹೊಸ ಬಗೆಯ ಬೆಸುಗೆ ಮಿಷನ್ನು ಬಂತು. ಅದರಲ್ಲಿ ಗಳಿಗೆಗೊಮ್ಮೆ ರಾಡು ಬದಲಿಸುವ ಕಾಟವಿಲ್ಲ, ತಂತಿ ತಾನಾಗಿ ಬರುತ್ತಿರುತ್ತದೆ, ಬೆಸುಗೆ ನುಣ್ಣಗೆ ಕೂರುತ್ತದೆ. ಅಣ್ಣ ಆಸೆಯಿಂದ ತಂತಿ ಹೊರಬರುವ ಅದರ ಗನ್ನು ಕೈಗೆ ತೆಗೆದುಕೊಂಡ. ಶಿವಯೋಗಪ್ಪ ಗಿರಾಕಿಗಳ ಮುಂದೆಯೇ ಕಿತ್ತುಕೊಂಡ.

"ನಿನಗ ರಾಡ್ ಸಾಕಲೇ. ಇದು ಓದಿದೋರ ಸಾಮಾನು."

ಐಟಿಐ ಓದಿದವನು ನಮ್ಮಣ್ಣ. ಆ ಮನುಷ್ಯ ಏಳನೇ ಕ್ಲಾಸು ದಾಟಿದ್ದಕ್ಕೆ ಸಾಕ್ಷಿ ಇಲ್ಲ. ಅಣ್ಣ ಮುಖದ ಕವಚವನ್ನು ಮೇಜಿನ ಮೇಲಿಟ್ಟು ಮನೆಗೆ ಬಂದ. ನಾನಾಗಿದ್ದರೆ ಅದನ್ನು ಅವನ ತಲೆಯ ಮೇಲೆಯೇ ಇಡುತ್ತಿದ್ದೆ.

ನಮ್ಮ ಮನೆಯ ಹಿಂದೆ ಬೈಕು ನಿಲ್ಲಿಸುವ ತಗಡಿನ ಶೆಡ್ಡಿದೆ. ಇನ್ನು ಅಲ್ಲೇ ಸ್ವಂತ ಕೆಲಸ ಎಂದ ಅಣ್ಣ. ರಾಡು, ಮಿಗ್ಗು, ಟಿಗ್ಗು, ಮೂರೂ ಬಗೆಯ ಬೆಸುಗೆ ಒಂದರಲ್ಲೇ ಆಗುವ ಮಿಷನ್ನು ಬಂದಿದೆ, ಮನೆಯ ಕರೆಂಟಿಗೇ ನಡೆಯುತ್ತದೆ ಎಂದು ತಿಂಗಳುಗಟ್ಟಲೆ ಮೊಬೈಲಿನಲ್ಲಿ ನೋಡಿದ. ಕೊನೆಗೆ ಇಬ್ಬರೂ ದಾವಣಗೆರೆಗೆ ಹೋದೆವು. ಅಂಗಡಿಯವನು ಅಣ್ಣನ ಚಪ್ಪಲಿಯಿಂದ ತಲೆಯವರೆಗೆ ನೋಡಿ, "ಯಾವ ಶಾಪಿಂದ ಬಂದೀರಿ?" ಎಂದ.

"ಶಾಪಲ್ರಿ, ಮನೀಗೆ."

"ಮನಿಗೆ ಇಷ್ಟ್ ದೊಡ್ಡದು ಯಾಕ್ರಿ? ಸಣ್ಣ ಸೆಟ್ ತಗಳ್ರಿ, ಸಾಕು."

ನಮ್ಮ ಮುಖ ನೋಡಿದ ಕೂಡಲೇ ಜನರಿಗೆ 'ಸಾಕು' ಎಂಬ ಮಾತು ಹೇಗೆ ಬಾಯಿಗೆ ಬರುತ್ತದೋ ಗೊತ್ತಿಲ್ಲ. ನಾನು ಜಗಳಕ್ಕೆ ತಯಾರಾದೆ. ಅಣ್ಣ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಮಿಷನ್ನನ್ನು ಡಬ್ಬದಿಂದ ತೆಗೆಸಿ, ಅಲ್ಲಿದ್ದ ತುಂಡು ಕಬ್ಬಿಣದ ಮೇಲೆ ಒಂದು ತಾಸು ಮೂರೂ ಬಗೆಯಲ್ಲಿ ಹಚ್ಚಿ ನೋಡಿದ. ಅಂಗಡಿಯವನು ಗಡಿಯಾರ ನೋಡಿಕೊಂಡ, ಆಕಳಿಸಿದ. ಅಣ್ಣ ಅವಸರ ಮಾಡಲಿಲ್ಲ. ಬಸ್ಸಿನಲ್ಲಿ ಮಿಷನ್ನನ್ನು ಕಾಲುಗಳ ನಡುವೆ ಅವುಚಿಕೊಂಡು ಊರಿಗೆ ತಂದ.

ಮಿಗ್ ಬೆಸುಗೆಗೆ ಸಿಲಿಂಡರಿನ ಗ್ಯಾಸ್ ಬೇಕು. ಊರಲ್ಲಿ ಅದನ್ನು ಕೊಡುವವನು ಒಬ್ಬನೇ, ಶಿವಯೋಗಪ್ಪ. ಅಣ್ಣ ಮಾನ ಬಿಟ್ಟು ಹೋಗಿ ಕೇಳಿದ. ನಾನೂ ಜೊತೆಗಿದ್ದೆ.

"ಗ್ಯಾಸ್ ಖಾಲಿ ಐತಿ," ಎಂದ ಶಿವಯೋಗಪ್ಪ. ಅವನ ಬೆನ್ನ ಹಿಂದೆ ಎಂಟು ಸಿಲಿಂಡರು ಸಾಲಾಗಿ ನಿಂತಿದ್ದವು.

"ತುಂಬಿದ್ವು ಕಾಣತಾವಲ್ರಿ, ಸಾವ್ಕಾರ್ರ."

"ಕಾಣೋವೆಲ್ಲಾ ನಿನಗಲ್ಲ."

ಆ ಹೊತ್ತಿಗೆ ಅಣ್ಣ ಒಂದು ಕೆಲಸ ಒಪ್ಪಿಕೊಂಡಾಗಿತ್ತು. ನಮ್ಮ ಆಫೀಸಿನಲ್ಲಿ ನನಗಿಂತ ಮೇಲಿನ ಕುರ್ಚಿಯ ಗೀತಮ್ಮ ಮೇಡಂ ಕೊಟ್ಟೂರು ರಸ್ತೆಯಲ್ಲಿ ಮನೆ ಕಟ್ಟಿಸುತ್ತಿದ್ದರು. ಅಣ್ಣನಿಗೆ ಗೇಟು ಕೊಡಿ ಎಂದು ನಾನೇ ಕೇಳಿದ್ದೆ. "ಶಾಪಿನೋರಿಗಿಂತ ಸೋವಿ ಆಗತೈತಲ್ಲ?" ಎಂದು ಎರಡು ಸಲ ಕೇಳಿ ಒಪ್ಪಿದ್ದರು. ಈ ಮೊದಲ ಗೇಟು ನಿಂತರೆ ಊರವರು ನಮ್ಮ ಕೇರಿಯ ಶೆಡ್ಡು ಹುಡುಕಿಕೊಂಡು ಬರುತ್ತಾರೆ, ನಿಲ್ಲದಿದ್ದರೆ ಅಣ್ಣ ಮತ್ತೆ ಅದೇ ಶಿವಯೋಗಪ್ಪನ ಬಾಗಿಲಿಗೆ ಹೋಗಿ ನಿಲ್ಲಬೇಕು. ಗೃಹಪ್ರವೇಶಕ್ಕೆ ಹದಿನೈದು ದಿನ ಉಳಿದಿತ್ತು.

ಗ್ಯಾಸಿನ ಹಂಗೇ ಇಲ್ಲದ, ಒಳಗೇ ಮದ್ದು ತುಂಬಿದ ತಂತಿಯೂ ಸಿಗುತ್ತದೆ. ಅಣ್ಣ ಅದನ್ನು ತರಿಸಿ ಹಚ್ಚಿದ. ಕಿಡಿಗಳು ಚಟಪಟನೆ ತಗಡಿಗೆ ಹಾರಿದವು, ಬೆಸುಗೆ ಹುಣ್ಣಿನ ಹಾಗೆ ಗಂಟುಗಂಟಾಗಿ ಕೂತಿತು. ನೋಡಲು ಬಂದ ನಮ್ಮ ಕೇರಿಯವರೇ ಕಿಸಕ್ಕನೆ ನಕ್ಕರು. ಮರುದಿನ ಬಸ್ ಸ್ಟ್ಯಾಂಡಿನ ಹತ್ತಿರ ಶಿವಯೋಗಪ್ಪ ನನ್ನನ್ನೇ ತಡೆದು, "ನಿಮ್ಮಣ್ಣನ ಪಟಾಕಿ ಮಿಷನ್ ಹೆಂಗೈತೆ?" ಎಂದ. ಸುದ್ದಿ ಮುಟ್ಟಿಸಿದವರು ಯಾರು ಎಂದು ನನಗೆ ಗೊತ್ತು, ಬರೆದರೆ ಕೇರಿಯಲ್ಲಿ ಬಾಳುವೆ ಕಷ್ಟ.

ಮನೆಗೆ ಬಂದವಳೇ ಸಿಟ್ಟಿನಲ್ಲಿ ಮಿಷನ್ನಿನ ಮುಚ್ಚಳ ಎತ್ತಿ, ಒಳಗೆ ಅಂಟಿಸಿದ್ದ ಇಂಗ್ಲಿಷ್ ಪಟ್ಟಿಯನ್ನು ಒಂದಕ್ಷರ ಬಿಡದೆ ಓದಿದೆ. ಗ್ಯಾಸ್ ಬೇಡದ ತಂತಿಗೆ ಪ್ಲಸ್ಸು ಮೈನಸ್ಸಿನ ವೈರು ಅದಲುಬದಲು ಮಾಡಬೇಕು ಎಂದು ಚಿತ್ರಸಮೇತ ಬರೆದಿತ್ತು. ಅಣ್ಣ ವೈರು ಬದಲಿಸಿ ಹಚ್ಚಿದ. ಸದ್ದು ಸಣ್ಣಗಾಯಿತು, ಬೆಸುಗೆ ಸಾಲು ಹಿಡಿದು ಓಡಿತು. ಹನ್ನೆರಡು ದಿನದಲ್ಲಿ ಗೇಟು ಬಣ್ಣ ಬಳಿದುಕೊಂಡು ಕೊಟ್ಟೂರು ರಸ್ತೆಯಲ್ಲಿ ನಿಂತಿತು.

ಗೃಹಪ್ರವೇಶದ ದಿನ ಅಣ್ಣ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಬಂದವನು ಸುಮ್ಮನಿರಲಾರದೆ ಗೇಟಿನ ಕೀಲುಗಳಿಗೆ ಎಣ್ಣೆ ಬಿಡುತ್ತ ಕೂತಿದ್ದ. ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಗೇಟು ತೆರೆದು, ಮುಚ್ಚಿ, ಎಲ್ಲಿ ಮಾಡಿಸಿದಿರಿ ಎಂದು ಗೀತಮ್ಮ ಮೇಡಮ್ಮನ್ನು ಕೇಳಿದರು.

"ಶಿವಯೋಗಪ್ಪನವರ ಶಾಪಿನಾಗ ಮಾಡ್ಸಿದ್ವಿರಿ," ಎಂದರು ಮೇಡಂ, ನಗುನಗುತ್ತ.

ನಾನು ಅವರ ಬೆನ್ನ ಹಿಂದೆಯೇ ಇದ್ದೆ. ಅಣ್ಣನ ಕೈ ಕೀಲಿನ ಮೇಲೆ ಹಾಗೇ ನಿಂತಿತು. ಅಷ್ಟರಲ್ಲಿ ಊಟಕ್ಕೆಂದು ಶಿವಯೋಗಪ್ಪನೇ ಬಂದ. ವ್ಯಾಪಾರಿ ಅವನ ಕೈ ಹಿಡಿದು, "ಗೇಟ್ ಭಾಳ ಚಲೋ ಮಾಡೀರಿ ಬಿಡ್ರಿ," ಎಂದರು. ಶಿವಯೋಗಪ್ಪ ಹೂಂ ಅಂದರೆ ಮುಗಿಯಿತು. ಹತ್ತೊಂಬತ್ತು ವರ್ಷದಿಂದ ಹೂಂ ಅಂದವನಿಗೆ ಇದೇನು ಹೊಸದೇ ಎಂದು ನಾನು ಹಲ್ಲು ಕಚ್ಚಿ ನಿಂತೆ.

ಶಿವಯೋಗಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದ. ಕೀಲಿನ ಬೆಸುಗೆಯ ಮೇಲೆ ಹೆಬ್ಬೆರಳು ಎಳೆದ.

"ಇದು ನಂದಲ್ಲ," ಎಂದ. "ಜೋಗ್ಯಾನ ಮಗಂದು. ಬೆಸುಗಿ ಸಾಲು ಕೊನಿಗೆ ಹಿಂದಕ್ಕ ಹೊರಳಿಸಿ ಬಿಟ್ಟಾನ ನೋಡ್ರಿ, ಎಷ್ಟ್ ಬೈದ್ರೂ ಈ ಚಟ ಬಿಡಲಿಲ್ಲ. ಏನ್ ಗೀತಮ್ಮ, ಕೇರ್ಯಾಗ ಮಾಡ್ಸಿ ನನ್ನ ಹೆಸರು ಹೇಳ್ತಿ?"

ಅವಮಾನ ಮಾಡಲೆಂದೇ ಅಂದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಮೇಡಮ್ಮನ ಮುಖ ಸುಟ್ಟ ಬದನೆಕಾಯಿಯಾಯಿತು. ಅಣ್ಣ ಎದ್ದ. ಎಣ್ಣೆಯ ಕೈಯನ್ನು ಹೊಸ ಅಂಗಿಗೇ ಒರೆಸಿಕೊಂಡ. ಶಿವಯೋಗಪ್ಪನ ಕಡೆ ನೋಡದೆ ವ್ಯಾಪಾರಿಗೆ ಹೇಳಿದ.

"ಹೌದ್ರಿ, ನಂದ. ನನ್ನ ಹೆಸರು ಗುರುಮೂರ್ತಿ. ಶೆಡ್ ಕೇರ್ಯಾಗ ಐತಿ, ಬರ್ರಿ."

ವ್ಯಾಪಾರಿ ಬರುತ್ತೇನೆ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ, ಒಳಗೆ ಹೋದರು. ನಾನು ಊಟಕ್ಕೆ ಕೂರಲಿಲ್ಲ. ಅಣ್ಣ ಪಂಕ್ತಿಯಲ್ಲಿ ಕೂತು ಹೋಳಿಗೆ ಎರಡನೇ ಸಲ ಹಾಕಿಸಿಕೊಂಡು ಉಂಡ.

"ಹೊಟ್ಟಿ ಉರಿಗೆ ಅಂದ ಆತ," ಎಂದೆ ಬೈಕಿನಲ್ಲಿ.

"ಯಾತಕ್ಕರ ಅನ್ಲಿ ತಂಗಿ. ಹತ್ತೊಂಬತ್ತು ವರ್ಷಕ್ಕ ಒಂದ್ ಸಲ ನನ್ನ ಕೆಲಸ ನಂದು ಅಂದ."

ಅಣ್ಣನಿಗೆ ಅಷ್ಟು ಸಾಲಬಹುದು, ನನಗೆ ಸಾಲದು. ಆ ಹಗೆಯ ಬಾಯಲ್ಲಿ ಬಂದ ನಿಜ ಈ ಬೇಕಾದವರ ಬಾಯಲ್ಲಿ ಬರಲಿಲ್ಲವಲ್ಲ. ಸೋಮವಾರ ಗೀತಮ್ಮ ಮೇಡಂ ನನ್ನ ಟೇಬಲ್ಲಿಗೆ ಬಂದು, ಏನೂ ಆಗಿಲ್ಲವೆಂಬಂತೆ ನಕ್ಕು, "ಉಣ್ಣದ ಹೋದ್ಯಲ್ಲ ಕ್ರಾಂತಿ," ಎಂದರು. ನಾನು ಫೈಲು ಮುಚ್ಚಿ, ಇಡೀ ಆಫೀಸಿಗೆ ಕೇಳುವಂತೆ, "ಗೇಟ್ ಯಾರು ಮಾಡಿದ್ದು ಮೇಡಂ?" ಎಂದೆ. ಅವರು ತಮ್ಮ ಕುರ್ಚಿಗೆ ಹೋಗಿ ಕೂತರು. ದಿನಾ ಕೇಳುತ್ತಿದ್ದೇನೆ. ಇನ್ನೂ ಹೇಳಿಲ್ಲ.