ಕೊನೆಗೆ ಚೂರು ಉಪ್ಪು ಹತ್ತುವ ಐಸ್‌ಕ್ರೀಮ್

ಹೋದ ಬೇಸಿಗೆಯಲ್ಲಿ ನಾನು ಒಬ್ಬಳೇ ಬಸ್ಸು ಹತ್ತಿ ಊರೂರು ತಿರುಗಿ ಐಸ್‌ಕ್ರೀಮ್ ತಿಂದೆ. ನಲವತ್ತಾರು ದಾಟಿದ, ಮಗಳ ಮದುವೆ ಮಾಡಿ ಮುಗಿಸಿದ ಹೆಂಗಸು. ಸಿಂದಗಿಯಲ್ಲಿ ತಿಂದೆ, ಇಂಡಿಯಲ್ಲಿ ತಿಂದೆ, ಮುದ್ದೇಬಿಹಾಳದಲ್ಲೂ ತಿಂದೆ. ಯಾಕೆಂದು ಕೇಳಿದವರಿಗೆ ಹೇಳುವ ಹಾಗಿರಲಿಲ್ಲ. ಈಗ ಹೇಳಬಹುದು.

ನಮ್ಮದು ಬಸವನ ಬಾಗೇವಾಡಿ. ಮನೆಯಲ್ಲಿ ಅತ್ತೆ, ನಮ್ಮ ಯಜಮಾನರು, ನಾನು, ಮೈದುನ, ಅವನ ಹೆಂಡತಿ. ಈ ನೆಗೆಣ್ಣಿ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ತಾಯಿಯಿಲ್ಲದ ಹುಡುಗಿ. ನನ್ನನ್ನು 'ಅಕ್ಕಾರ' ಅನ್ನುತ್ತಾಳೆ. ಎರಡು ಸಲ ಅವಳ ಬಸಿರು ನಿಲ್ಲಲಿಲ್ಲ. ಎರಡೂ ಸಲ ನಾವು ಎರಡನೇ ತಿಂಗಳಿಗೇ ಓಣಿಗೆಲ್ಲ ಪೇಢೆ ಹಂಚಿಬಿಟ್ಟಿದ್ದೆವು. ಮೂರನೇ ಸಲ ವಿಷಯ ಗೊತ್ತಾದ ಕೂಡಲೇ ಅತ್ತೆ ಎಲ್ಲರನ್ನೂ ದೇವರ ಕೋಣೆಯ ಮುಂದೆ ಕೂಡಿಸಿ ಹೇಳಿದರು: "ಈ ಮಾತು ಹೊಸ್ತಿಲ ದಾಟಬಾರದು. ಐದು ತಿಂಗಳ ತುಂಬಲಿ. ನನ್ನ ಒಡಹುಟ್ಟಿದ ತಂಗೀಗೂ ಹೇಳಂಗಿಲ್ಲ, ತಿಳೀತಿಲ್ಲೋ?"

ನಾನು ವಿಜಯಪುರದ ಕಾನ್ವೆಂಟಿನಲ್ಲಿ ಕಲಿತವಳು. ದೃಷ್ಟಿ ತಾಗುತ್ತದೆ ಅನ್ನುವುದನ್ನೆಲ್ಲ ನಂಬುವುದಿಲ್ಲ ಎಂದು ಹೇಳಿಕೊಳ್ಳುತ್ತೇನೆ. ಆದರೂ ಬಾಯಿ ಮುಚ್ಚಿಕೊಂಡೆ. ಹೋದ ಸಲ ಎದುರಿಗೆ ಸಿಕ್ಕವರಿಗೆಲ್ಲ 'ಇಲ್ರಿ, ನಿಲ್ಲಲಿಲ್ರಿ' ಎಂದು ಹೇಳುತ್ತ ನಿಂತಿದ್ದ ಅವಳ ಮುಖ ನನಗೆ ಮರೆತಿರಲಿಲ್ಲ.

ಈ ಸಲ ವಾಂತಿ ಬಹಳ. ಹಂಚಿನ ಮೇಲೆ ರೊಟ್ಟಿ ಬಿದ್ದ ವಾಸನೆಗೇ ಬಚ್ಚಲಿಗೆ ಓಡುವಳು. ಗಂಜಿ ನಿಲ್ಲಲಿಲ್ಲ, ಮಜ್ಜಿಗೆ ನಿಲ್ಲಲಿಲ್ಲ. ಕೈಯ ಹಸಿರು ಬಳೆಗಳು ಮೊಳಕೈವರೆಗೆ ಜಾರತೊಡಗಿದವು. ಡಾಕ್ಟರಮ್ಮ ತೂಕದ ಚೀಟಿ ನೋಡಿ, "ಏನು ಒಳಗ ನಿಲ್ತದೋ ಅದನ್ನ ಕೊಡ್ರಿ. ಇನ್ನೊಂದು ವಾರ ಹಿಂಗ ಇಳದ್ರ ಅಡ್ಮಿಟ್ ಮಾಡಬೇಕಾಗ್ತದ" ಅಂದರು. ಹಿಂದಿನ ಎರಡು ಸಲವೂ ಅವಳು ಅಡ್ಮಿಟ್ ಆಗಿ ಬರಿಗೈಯಲ್ಲಿ ಮನೆಗೆ ಬಂದವಳು. ಆ ಶಬ್ದ ಕೇಳಿ ನನ್ನ ಸೆರಗಿನ ತುದಿ ಹಿಡಿದುಕೊಂಡಳು. ಬಾಡಿಗೆ ಕಾರಿನಲ್ಲಿ ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಮರುದಿನ ಮಧ್ಯಾಹ್ನ ತಣ್ಣನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಕೆನ್ನೆಯಿಟ್ಟು ಮಲಗಿದ್ದವಳು ಹೇಳಿದಳು: "ಅಕ್ಕಾರ, ಆವತ್ತು ತಿಂದಿದ್ದೆನಲ್ರಿ, ಆ ಐಸ್‌ಕ್ರೀಮ್ ಸಿಕ್ರ ಒಳಗ ನಿಲ್ತೈತಿ ಅನಸ್ತೈತ್ರಿ."

ಆವತ್ತು ಅಂದರೆ ನನ್ನ ಮಗಳ ಲಗ್ನಪತ್ರಿಕೆ ಹಂಚಲು ಅವಳೂ ಮೈದುನನೂ ಹೋದ ದಿನ. ಒಂದೇ ದಿನಕ್ಕೆ ಚಡಚಣ, ಇಂಡಿ, ಆಲಮೇಲ, ಸಿಂದಗಿ, ತಾಳಿಕೋಟೆ, ಮುದ್ದೇಬಿಹಾಳ. ಪ್ರತಿ ಮನೆಯಲ್ಲೂ ಕುಂಕುಮ ಹಚ್ಚಿ ಪತ್ರಿಕೆ ಕೊಡುವುದು, ಚಹಾ ಕುಡಿಯುವುದು, ಏಳುವುದು. ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಅವಳನ್ನು, "ಏನರ ವಿಶೇಷ ಐತೇನವಾ?" ಎಂದು ಕೇಳಿದ್ದರಂತೆ. ದಾರಿಯಲ್ಲಿ ಎಲ್ಲೋ ಗಾಡಿ ನಿಂತಾಗ ಅವಳು ಇಳಿದು ದೊನ್ನೆಯಲ್ಲಿ ಐಸ್‌ಕ್ರೀಮ್ ತಿಂದಿದ್ದಳು. "ಹರಳು ಹರಳಾಗಿತ್ರಿ. ಯಾಲಕ್ಕಿ ಇತ್ತು. ಕೊನೀಗೆ ಚೂರೇ ಚೂರು ಉಪ್ಪು ಹತ್ತತಿತ್ತು. ಅಲ್ಲಿ ಯಾರೂ ನನಗ ಏನೂ ಕೇಳಲಿಲ್ರಿ." ಯಾವ ಊರು ಎಂದರೆ ಮಾತ್ರ ನೆನಪಿಲ್ಲ. ಅಷ್ಟು ಮನೆಯ ಚಹಾ ಕುಡಿದು ಎಲ್ಲ ಊರೂ ಒಂದೇ ಆಗಿಬಿಟ್ಟಿತ್ತು.

ಮೈದುನನನ್ನು ಕೇಳಿದೆ. "ಸಿಂದಗಿ, ವೈನಿ. ನೂರಕ್ಕ ನೂರು ಸಿಂದಗಿ. ನಾ ಫೋನ್ ಹಚಗೊಂಡು ಅಲ್ಲೇ ನಿಂತಿದ್ದೆ."

"ಫೋನ್‌ನ್ಯಾಗ ಇದ್ದಾಂವಗ ಊರ ಎಲ್ಲಿ ಕಾಣ್ತದೋ?" ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಹೆಂಗಸರಿಗೆ ಬಸ್ಸು ಪುಗಸಟ್ಟೆ ಐತಿ. ನೀನ ಹೋಗು. ಬಾಯಿರುಚಿ ಅವನಿಗೇನು ತಿಳೀತದ? ಯಾರರ ಕೇಳಿದ್ರ ಹೇಳಬ್ಯಾಡ ಮತ್ತ" ಅಂದರು.

ಬಸುರಿಯ ಬಯಕೆ ತೀರಿಸುವುದು ತವರಿನವರ ಕೆಲಸ. ಅವಳಿಗೆ ತವರು ಎಂದರೆ ಅಣ್ಣನ ಮನೆಯ ಒಂದು ಫೋನ್ ನಂಬರು. ನಾನು ಆಧಾರ್ ಕಾರ್ಡು, ಒಂದು ಸ್ಟೀಲ್ ಚಮಚ ಪರ್ಸಿನಲ್ಲಿಟ್ಟುಕೊಂಡು ಹೊರಟೆ.

ಸಿಂದಗಿಯಲ್ಲಿ ಒಂದು ಅಂಗಡಿಗೆ ಹೋದೆ. ನುಣ್ಣಗೆ, ಬಣ್ಣಬಣ್ಣಕ್ಕೆ ಇತ್ತು. ತಿಂದರೆ ಅಂಗುಳಕ್ಕೆ ಜಿಡ್ಡು ಮೆತ್ತಿಕೊಂಡಿತು. ತಟ್ಟೆಯಲ್ಲಿ ಬಿಟ್ಟು ಏಳಬಾರದು ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರಿಂದ ಪೂರ್ತಿ ತಿಂದೆ. ಅಂಗಡಿಯವರು, "ಏನರ ಕಡಿಮಿ ಆತೇನ್ರಿ ಅಕ್ಕಾರ?" ಎಂದರು.

"ಉಪ್ಪು" ಎಂದೆ, ಮೆಲ್ಲಗೆ.

ಅವರು ನನ್ನನ್ನು ನೋಡಿದರು, ಖಾಲಿ ಕಪ್ಪು ನೋಡಿದರು. "ಮಿರ್ಚಿಭಜಿ ಅಂಗಡಿ ಆ ಕಡೆ ಐತ್ರಿ."

ಒಂದು ದಿನ ಬಿಟ್ಟು ಇಂಡಿಗೆ ಹೋದೆ. ಅಲ್ಲಿ ಒಂದೇ ಅಂಗಡಿಯಲ್ಲಿ ಮೂರು ಬಗೆ ಇದ್ದವು. ಮೂರನ್ನೂ ತರಿಸಿಕೊಂಡು ಸಾಲಾಗಿ ಇಟ್ಟುಕೊಂಡು ಕೂತಿದ್ದೆ. ಬಾಗಿಲಲ್ಲಿ ಯಾರೋ ನಿಂತ ನೆರಳು ಟೇಬಲ್ಲಿನ ಮೇಲೆ ಬಿತ್ತು. ತಲೆಯೆತ್ತಿದರೆ ಚಿಕ್ಕತ್ತೆ! ಅತ್ತೆಯ ಒಡಹುಟ್ಟಿದ ತಂಗಿ. ಇಂಡಿಗೇ ಕೊಟ್ಟ ಹೆಣ್ಣುಮಗಳು ಎಂಬುದು ಗೊತ್ತಿದ್ದೂ ನಾನು ರಸ್ತೆಯ ಕಡೆ ಮುಖ ಮಾಡಿ ಕೂತಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳಬೇಕು.

"ಯಾರವಾ ಇದು? ಬಾಗೇವಾಡಿ ಸೊಸಿ! ಒಬ್ಬಾಕೀನ? ಯಾರರ ತೀರ್‍ಕೊಂಡಾರೇನು?"

"ಇಲ್ರಿ ಚಿಕ್ಕತ್ತಿ. ಹಿಂಗ… ಐಸ್‌ಕ್ರೀಮ್ ತಿನಬೇಕು ಅನಿಸ್ತು."

"ಬಾಗೇವಾಡ್ಯಾಗ ಸಿಗಂಗಿಲ್ಲೇನು?"

"ಅಲ್ಲೀದು ತಿಂದ್ರ ವಾಂತಿ ಆಗ್ತದ್ರಿ." ನಿಜವೇ ಬಾಯಿಂದ ಬಂದುಬಿಟ್ಟಿತು. ಸುಳ್ಳು ಹೇಳಿ ರೂಢಿಯಿಲ್ಲದವಳನ್ನು ಇಂಥ ಕೆಲಸಕ್ಕೆ ಕಳಿಸಬಾರದು.

ಚಿಕ್ಕತ್ತೆಯ ಕಣ್ಣು ಮೂರು ಕಪ್ಪುಗಳ ಮೇಲೆ ಓಡಿ ನನ್ನ ಹೊಟ್ಟೆಯ ಹತ್ತಿರ ಬಂದು ನಿಂತಿತು. ನನ್ನ ಪಕ್ಕ ಕೂತು ಕಿವಿಯಲ್ಲಿ, "ಮಗಳ ಮದಿವಿ ಆಗಿ ಎರಡು ವರ್ಷ ಆಗಿಲ್ಲಲ್ಲವಾ!" ಅಂದರು. ನಾನಲ್ಲ ಎಂದರೆ 'ಹಂಗಾರ ಯಾರು?' ಎಂಬ ಪ್ರಶ್ನೆ ಬರುವುದು ಖಂಡಿತ. ತಲೆ ತಗ್ಗಿಸಿ ಚಮಚವನ್ನು ಎರಡನೇ ಕಪ್ಪಿಗೆ ಹಾಕಿದೆ. ಮುಖಕ್ಕೆ ರಕ್ತವೇರಿದ್ದು ನನಗೇ ತಿಳಿಯಿತು. ಅವರು ತಮ್ಮ ಕೈಚೀಲದಿಂದ ಆರೇಳು ನಿಂಬೆಹಣ್ಣು ತೆಗೆದು ನನ್ನ ಚೀಲಕ್ಕೆ ಹಾಕಿದರು. "ಬಾಯಿಗೆ ಬಂದಂಗ ಆದ್ರ ಮೂಸಿ ನೋಡು. ನಾಚಬ್ಯಾಡ. ದೇವರು ಕೊಟ್ಟಿದ್ದು."

ಮನೆಯಲ್ಲಿ ಈ ಪ್ರಸಂಗವನ್ನು ಯಾರಿಗೂ ಹೇಳಲಿಲ್ಲ. ಡಾಕ್ಟರಮ್ಮ ಕೊಟ್ಟ ವಾರದಲ್ಲಿ ಇನ್ನು ಮೂರೇ ದಿನ ಉಳಿದಿತ್ತು. ನೆಗೆಣ್ಣಿಯ ಹತ್ತಿರ ಕೂತು ಮತ್ತೆ ಮೊದಲಿನಿಂದ ಕೇಳಿದೆ. ಎಲ್ಲಿ ಕೂತಿದ್ದೆ? ಕೈಯಲ್ಲಿ ಏನಿತ್ತು? ಕಣ್ಣು ಮುಚ್ಚಿಕೊಂಡು ನೆನಪಿಸಿಕೊಂಡಳು. "ಒಂದ ಕೈಲೇ ದೊನ್ನಿ ಹಿಡಿದಿದ್ದೆ. ಇನ್ನೊಂದು ಕೈ… ಉಡಿ ಹಿಡಕೊಂಡಿತ್ರಿ. ಉಡಿಯೊಳಗ ಅಕ್ಕಿ ಇತ್ತು, ಚೆಲ್ಲಬಾರದಂತ."

ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಅವಸರದಲ್ಲಿ ಪತ್ರಿಕೆ ಕೊಡಲು ಬಂದವರಿಗೆ ಉಡಿ ತುಂಬುವ ಪುರುಸೊತ್ತು ಯಾರಿಗಿದೆ? ಮುದ್ದೇಬಿಹಾಳದ ನಮ್ಮ ದೊಡ್ಡವ್ವನಿಗೆ ಮಾತ್ರ. ಗಾಡಿ ಶುರು ಮಾಡಿ ನಿಂತಿದ್ದರೂ ಸರಿ, ಮುತ್ತೈದೆಯ ಉಡಿ ತುಂಬದೆ ಅವಳು ಹೊರಗೆ ಬಿಡುವವಳಲ್ಲ.

ಮರುದಿನ ಮುದ್ದೇಬಿಹಾಳದಲ್ಲಿ ಇಳಿದು ದೊಡ್ಡವ್ವನ ಓಣಿಯಿಂದ ದೊಡ್ಡ ರಸ್ತೆಗೆ ಬರುವ ದಾರಿಯಲ್ಲಿ ನಡೆದೆ. ಒಂದು ಬೇವಿನ ಗಿಡದ ಕೆಳಗೆ ಗರಗರ ಸದ್ದು. ಬಿಳಿ ಟೋಪಿಯ ವಯಸ್ಸಾದ ಸಾಹೇಬರೊಬ್ಬರು ಮರದ ಬಕೆಟ್ಟಿನ ಹಿಡಿಕೆ ತಿರುಗಿಸುತ್ತಿದ್ದರು. ಬಕೆಟ್ಟಿನ ನಡುವೆ ತಗಡಿನ ಡಬ್ಬಿ, ಅದರ ಸುತ್ತ ಬರ್ಫದ ಗಡ್ಡೆ, ಹರಳುಪ್ಪು. ಪಕ್ಕದಲ್ಲಿ ಅವರ ಹೆಂಡತಿ ಎಮ್ಮೆಯ ಹಾಲು ಕಾಸುತ್ತ ಕೂತಿದ್ದರು. ಒಂದು ದೊನ್ನೆ ತೆಗೆದುಕೊಂಡೆ. ಮೊದಲು ಯಾಲಕ್ಕಿ. ಆಮೇಲೆ ಹಾಲಿನ ಹರಳು. ನುಂಗಿದ ಮೇಲೆ, ನಾಲಿಗೆಯ ಅಂಚಿಗೆ, ಚೂರೇ ಚೂರು ಉಪ್ಪು.

ಚಮಚ ಹಿಡಿದು ಹಾಗೇ ನಿಂತೆ.

"ಉಪ್ಪ ಹತ್ತಿತೇನ್ರಿ?" ಹಾಲು ಕಾಸುತ್ತಿದ್ದ ಚಾಚಿಯೇ ಕೇಳಿದರು. "ಹೇಳಿ ಹೇಳಿ ಸಾಕಾತ್ರಿ ಇವರಿಗೆ. ಮುಚ್ಚಳ ಸವದೈತಿ, ಉಪ್ಪುನೀರು ಒಳಗ ಇಳೀತೈತಿ, ಹೊಸಾದು ಹಾಕಸ್ರಿ ಅಂತ. ಕೇಳಿದ್ರ ತಾನೆ!"

"ಇಷ್ಟು ವರ್ಷ ತಿಂದವರು ಯಾರರ ಬೈದಾರೇನು?" ಸಾಹೇಬರು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ನಾಚಿಕಿಗೆ ಬೈದಿಲ್ಲ."

"ಇನ್ನೊಂದು ಎರಡು ತಿಂಗಳು ಮುಚ್ಚಳ ಬದಲಿ ಮಾಡಬ್ಯಾಡ್ರಿ" ಅಂದೆ ನಾನು. ಇಬ್ಬರೂ ನನ್ನನ್ನು ನೋಡಿದರು.

ಬಾಗೇವಾಡಿಗೆ ಒಯ್ಯಬೇಕು ಎಂದಾಗ ಚಾಚಿ ತಲೆಯಾಡಿಸಿದರು. "ಕರಗತೈತ್ರಿ. ತಿನ್ನಾವರನ್ನ ಇಲ್ಲೇ ಕರಕೊಂಡ ಬರ್ರಿ."

"ಅವರು ಈಗ ಬರೂಹಂಗಿಲ್ರಿ…"

ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಕೈ ಅಡ್ಡ ಹಿಡಿದು, "ಹೇಳಬ್ಯಾಡ್ರಿ. ನಾ ಕೇಳೇ ಇಲ್ಲ" ಎಂದು ಎದ್ದು ಒಳಗೆ ಹೋದರು. ಒಂದು ಸಣ್ಣ ಡಬ್ಬಿ, ಒಂದು ದೊಡ್ಡ ಡಬ್ಬಿ, ಹಳೆಯ ಒಂದು ಕೌದಿ ತಂದರು. ಸಣ್ಣದನ್ನು ದೊಡ್ಡದರಲ್ಲಿಟ್ಟು ಸುತ್ತ ಬರ್ಫ, ಉಪ್ಪು ತುಂಬಿ, ಕೌದಿಯಲ್ಲಿ ಬಿಗಿಯಾಗಿ ಸುತ್ತಿ ನನ್ನ ತೋಳಿಗೆ ಕೊಟ್ಟರು.

ಬಸ್ಸಿನಲ್ಲಿ ಸೀಟಿರಲಿಲ್ಲ. ಒಬ್ಬ ಹೆಣ್ಣುಮಗಳು ದಡಕ್ಕನೆ ಎದ್ದು, "ಕುಂದರ್ರಿ ಅಕ್ಕಾರ, ಕೂಸು ಮಲಗೇತಿ ಕಾಣ್ತೈತಿ" ಅಂದಳು.

"ಕೂಸಲ್ರಿ, ಐಸ್‌ಕ್ರೀಮ್" ಅಂದೆ. ಇಡೀ ಬಸ್ಸು ತಿರುಗಿ ನೋಡಿತು.

"ಕೌದಿ ಹೊಚ್ಚಿದ್ರ ಕಾಯ್ತೈತ್ರಿ! ಬಿಚ್ಚಿ ಗಾಳಿಗೆ ಹಿಡೀರಿ" ಎಂದರು ಹಿಂದಿನ ಸೀಟಿನ ಅಜ್ಜ.

"ಅಜ್ಜಾ, ಕೌದಿ ಹೊರಗಿನ ಕಾವು ಒಳಗ ಬಿಡಂಗಿಲ್ಲ" ಎಂದ ಕಂಡಕ್ಟರ್.

"ಹಂಗಾರ ಬ್ಯಾಸಗ್ಯಾಗ ನೀನೂ ಹೊಚಗೊಂಡು ಟಿಕೀಟು ಹರಿಯಪಾ."

ಊರು ಬರುವವರೆಗೂ ಜಗಳ ನಡೆಯಿತು. ನಡುವೆ ತಣ್ಣನೆಯ ನೀರು ನನ್ನ ತೊಡೆಯ ಮೇಲೆ ಇಳಿಯತೊಡಗಿತು. "ನೋಡ್ರಿ, ಕೂಸು ಸೀರಿ ತೋಯಿಸ್ತು" ಎಂದಳು ಸೀಟು ಕೊಟ್ಟವಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕರೂ ಆ ಗಂಟನ್ನು ಎದೆಗೆ ಇನ್ನಷ್ಟು ಹತ್ತಿರ ಹಿಡಿದುಕೊಂಡೆ.

ಮನೆಯಲ್ಲಿ ಡಬ್ಬಿ ತೆರೆದರೆ ಅರ್ಧ ಕರಗಿತ್ತು. ಗಟ್ಟಿಯಿದ್ದುದನ್ನು ಅವಳು ಚಮಚದಿಂದ ತಿಂದಳು, ಕರಗಿದ್ದನ್ನು ಬಟ್ಟಲೆತ್ತಿ ಕುಡಿದಳು. ಒಲೆಯ ಮೇಲಿನ ಹಾಲನ್ನು ಕಾಯುವ ಹಾಗೆ ಅತ್ತೆಯೂ ನಾನೂ ಅವಳನ್ನು ಕಾಯುತ್ತ ಕೂತೆವು. ಹತ್ತು ನಿಮಿಷ. ಅರ್ಧ ಗಂಟೆ. ಅವಳು ಗೋಡೆಗೆ ಒರಗಿ ಹಾಗೇ ನಿದ್ದೆ ಹೋದಳು.

ಎರಡು ದಿನಕ್ಕೊಮ್ಮೆ ಮೈದುನ ಮೋಟರ್‌ಸೈಕಲ್ ಹತ್ತಿ ಮುದ್ದೇಬಿಹಾಳಕ್ಕೆ ಓಡಾಡಿದ. ಡಾಕ್ಟರಮ್ಮ ಈ ಸಲ ಅಡ್ಮಿಟ್ ಎನ್ನಲಿಲ್ಲ. ಆದರೂ ಐಸ್‌ಕ್ರೀಮ್ ಬಿಟ್ಟು ಬೇರೇನನ್ನೂ ಅವಳು ಬಾಯಿಗೆ ಹಾಕಿಕೊಳ್ಳಲು ಒಪ್ಪಲಿಲ್ಲ. ಹೆದರಿಕೆ. ಮನೆಗೆ ಯಾರಾದರೂ ಬಂದರೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು.

ಅಂಥ ಒಂದು ಬೆಳಿಗ್ಗೆ ಚಿಕ್ಕತ್ತೆ ಬಂದಿಳಿದರು. ಬಗಲಲ್ಲಿ ದೊಡ್ಡ ಬುತ್ತಿಗಂಟು. ಬೀದಿಯಲ್ಲೇ ಸುದ್ದಿ ಹಂಚಿರಬೇಕು, ಓಣಿಯ ಇಬ್ಬರು ಹೆಂಗಸರು ನಗು ತಡೆಯುತ್ತ ಹಿಂದೆಯೇ ಬಂದರು. ಪಡಸಾಲೆಯಲ್ಲಿ ಗಂಟು ಬಿಚ್ಚಿದರು: ಜೋಳದ ರೊಟ್ಟಿ, ಮೊಸರು ಬುತ್ತಿ, ಶೇಂಗಾ ಹೋಳಿಗೆ.

"ನಿನ್ನ ಸೊಸಿ ಬಯಕಿಗೆ ತಂದೇನಿ" ಎಂದು ಅಕ್ಕನಿಗೆ ಹೇಳಿ, ನನ್ನ ಕೈ ಹಿಡಿದು ಎಳೆದರು. "ಬಾ, ಕುಂದರು. ಮೊಮ್ಮಕ್ಕಳ ಆಡಸೂ ವಯಸ್ಸಿನ್ಯಾಗ ನನ್ನ ಮುಂದ ಮುಚ್ಚಿಟ್ಟೀ, ಕಳ್ಳಿ!"

ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಪೇಪರು ಓದುತ್ತಿದ್ದ ನಮ್ಮ ಯಜಮಾನರು ಅದನ್ನು ಮುಖದ ಮುಂದೆ ಎತ್ತಿಕೊಂಡವರು ಇಳಿಸಲೇ ಇಲ್ಲ. ಅತ್ತೆ ಬಾಯಿ ತೆರೆದರು, ನನ್ನನ್ನು ನೋಡಿದರು, ಮತ್ತೆ ಮುಚ್ಚಿದರು. ನಾನು ಹೋಗಿ ಬುತ್ತಿಯ ಮುಂದೆ ಕೂತೆ. ನಗುವವರು ನಗಲಿ, ಎರಡು ತಿಂಗಳ ಮಾತು ಎಂದುಕೊಂಡೆ.

ಆಗ ಒಳಕೋಣೆಯ ಬಾಗಿಲ ಚಿಲಕ ತೆಗೆದ ಸದ್ದಾಯಿತು.

"ಅಕ್ಕಾರಿಗಲ್ರಿ ಚಿಕ್ಕತ್ತಿ." ನೆಗೆಣ್ಣಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನನಗ್ರಿ. ನಾಕನೇ ತಿಂಗಳ ನಡದೈತ್ರಿ."

ಅತ್ತೆಯ ಕೈ ತಾನಾಗಿ ಕೊರಳ ಲಿಂಗದ ಮೇಲೆ ಹೋಯಿತು. ಚಿಕ್ಕತ್ತೆ ನನ್ನ ಕೈ ಬಿಟ್ಟರು. ಹಿಂದೆ ಎರಡೂ ಸಲ ಅವಳ ತಲೆ ಸವರಿ ಹೋದವರು ಅವರು. "ಅಕ್ಕಾ, ನನಗೂ ಹೇಳಲಿಲ್ಲಲ್ಲ" ಎಂದರು, ಮೆತ್ತಗೆ.

"ನಿನ್ನ ಬಾಯಿ ನನಗ ಗೊತ್ತಿಲ್ಲೇನು?" ಎಂದು ಅತ್ತೆ ಕಣ್ಣೊರೆಸಿಕೊಂಡರು. "ಬಾಗೇವಾಡಿ ಬಸ್‌ಸ್ಟ್ಯಾಂಡಿನಿಂದ ಮನಿತನಕ ಎಷ್ಟು ಮಂದಿಗೆ ಹೇಳಿದಿ, ಹೇಳು."

"ನಾ ಹೇಳಿದ್ದು ದೊಡ್ಡಾಕೀದು, ಇವಳದ್ದಲ್ಲಲ್ಲ!"

ಮೊದಲು ನಕ್ಕವಳು ನೆಗೆಣ್ಣಿಯೇ. ನಾನು ಎದ್ದು ಜಾಗ ಬಿಟ್ಟೆ. ಅವಳು ಬಂದು ಕೂತು, ರೊಟ್ಟಿಯ ಅಂಚು ಮುರಿದು ಮೊಸರು ಬುತ್ತಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು. ಬಚ್ಚಲಿನ ದಾರಿಗೆ ಅಡ್ಡವಾಗಿ ನಿಂತಿದ್ದ ಓಣಿಯ ಹೆಂಗಸರನ್ನು ಅತ್ತೆ ಕಣ್ಸನ್ನೆ ಮಾಡಿ ಆಚೆ ಸರಿಸಿದರು. ಅವಳು ನುಂಗಿದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದು ಸಲ ಕಣ್ಣು ಮುಚ್ಚಿ ತೆರೆದಳು.

"ಚಿಕ್ಕತ್ತಿ," ಅಂದಳು, "ಖಾರ ಏನರ ತಂದೀರೇನ್ರಿ?"