ಸಂಬಳ ಏರಿದ ತಿಂಗಳು

ಮೊನ್ನೆ ಹೆಂಡತಿಯ ಕುಪ್ಪಸ ಹೊಲಿಯಲು ಕೊಡಲೆಂದು ಹಗರಿಬೊಮ್ಮನಹಳ್ಳಿಯ ಟೇಲರ್ ಅಂಗಡಿಗೆ ಹೋಗಿದ್ದೆ. ಹೊಲಿಗೆ ಯಂತ್ರಕ್ಕೆ ಆಗಷ್ಟೇ ಎಣ್ಣೆ ಬಿಟ್ಟಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ಹಾಲಮ್ಮ ಟೀಚರ್ ನೆನಪಾದರು. ನಿಮಗೂ ಹೀಗಾಗುತ್ತದಲ್ಲವೆ? ನಿಂತಿರುವುದು ಅಂಗಡಿಯಲ್ಲಿ, ಮನಸ್ಸು ಮಾತ್ರ ಇಪ್ಪತ್ತೈದು ವರ್ಷ ಹಿಂದೆ ಹೋಗಿ ಕೂತಿರುತ್ತದೆ.

ಇದೇ ಊರಿನ ಖಾಸಗಿ ಹೈಸ್ಕೂಲೊಂದರಲ್ಲಿ ನಾನು ಗುಮಾಸ್ತ, ಅವರು ಹೊಲಿಗೆ ಟೀಚರ್. ಇಬ್ಬರಿಗೂ ಪಿಂಚಣಿ ಇರಲಿಲ್ಲ. ಮೊದಲ ಸಲ ಸಂಬಳ ಏರಿದಾಗ ನಾನು ಸ್ಟಾಫ್ ರೂಮಿಗೆಲ್ಲ ಮಿರ್ಚಿ ಮಂಡಕ್ಕಿ ತರಿಸಿ, ಕಂತಿನ ಮೇಲೆ ಬಣ್ಣದ ಟಿ.ವಿ. ಕೊಳ್ಳುವುದಾಗಿ ಸಾರಿದೆ. ಹಾಲಮ್ಮ ಟೀಚರ್ ತಿಂದು, ಕೈ ತೊಳೆದು ಬಂದು ಕೇಳಿದರು:

“ಹೋದ ತಿಂಗಳು ಉಪಾಸ ಇದ್ರೇನ್ರಿ?”

“ಇಲ್ರಿ.”

“ಹಂಗಾದ್ರ ಹಳೇ ಸಂಬಳದಾಗ ಮನಿ ನಡೀತೈತಿ ಅಂದಂಗಾತು. ಏರಿದ್ದರಾಗ ಅರ್ಧ ಮುಪ್ಪಿಗಿ ಇಡ್ರಿ. ಇನ್ನರ್ಧದಾಗ ಏನರ ತಗೊಳ್ರಿ, ಯಾರು ಬ್ಯಾಡ ಅಂದ್ರು?”

ಮರುದಿನ ಊಟದ ಬಿಡುವಿನಲ್ಲಿ ಅಂಚೆ ಕಚೇರಿಗೆ ಕರೆದೊಯ್ದು ಪಿಪಿಎಫ್ ಖಾತೆ ತೆರೆಸಿಯೇ ಬಿಟ್ಟರು. ಪ್ರತಿ ಸಲ ಸಂಬಳ ಏರಿದಾಗಲೂ ಏರಿದ್ದರ ಅರ್ಧ ಅಲ್ಲಿಗೆ ಸೇರಬೇಕು, ಅದು ಅವರ ಕರಾರು.

ಮೂರು ವರ್ಷ ಪಾಲಿಸಿದೆ. ನಾಲ್ಕನೆಯ ವರ್ಷ ಮನೆಗೆ ಫ್ರಿಜ್ ಬಂತು. ಟೀಚರ್ ಕೇಳಿದಾಗ “ಕಟ್ಟೀನ್ರಿ” ಎಂದು ಸುಳ್ಳು ಹೇಳಿದೆ. ಅವರು ಪಾಸ್‌ಬುಕ್ ತೋರಿಸಿ ಎಂದರು. ನನ್ನ ಮುಖ ನೋಡಿಯೇ ತಿಳಿಯಿತೇನೋ, ಬೈಯಲಿಲ್ಲ. ಯಾರದೋ ಅಂಗಿಗೆ ಗುಂಡಿ ಹಚ್ಚುತ್ತ ಹೇಳಿದರು.

“ನಮ್ಮವ್ರು ಹತ್ತಿ ಗಿರಣ್ಯಾಗ ಲೆಕ್ಕ ಬರೀತಿದ್ರು. ಸಂಬಳ ಏರಿದಾಗೊಮ್ಮೆ ಒಂದೊಂದು ಸಾಮಾನು ತಂದ್ವಿ. ಚಂದ ಇತ್ತು. ಗಿರಣಿ ಮುಚ್ಚಿದಾಗ ಅವರಿಗೆ ಅರವತ್ತು. ಈಗ ಕಾಲು ಬಾತೈತಿ, ಆದ್ರೂ ಅಕ್ಕಿ ಗೋದಾಮಿನ ಗೇಟ್ ಕಾಯಾಕ ಹೋಗ್ತಾರ. ಬ್ಯಾಡ ಅನ್ನಾಕ ನನ್ನ ಹತ್ರ ರೊಕ್ಕಿಲ್ಲ.”

ದಾರ ಕಡಿದು ಅಂಗಿ ಮಡಿಸಿದರು. ನಾನು ಆ ಮುಂದಿನ ತಿಂಗಳಿಂದ ಬಿಟ್ಟದ್ದನ್ನೂ ಸೇರಿಸಿ ಕಟ್ಟಿದೆ. ಮತ್ತೆಂದೂ ತಪ್ಪಲಿಲ್ಲ.

ಕೆಲವು ವರ್ಷಕ್ಕೆ ಟೀಚರ್ ಕೆಲಸ ಬಿಟ್ಟು ತಮ್ಮೂರು ನೀಲಗುಂದಕ್ಕೆ ಹೋದರು. ನಾನೂ ಈಗ ನಿವೃತ್ತ. ಹೋದ ವರ್ಷ ಹೆಂಡತಿಯ ಮೊಣಕಾಲಿನ ಆಪರೇಷನ್ ದಾವಣಗೆರೆಯಲ್ಲಿ ಆಯಿತು. ಖರ್ಚೆಲ್ಲ ಆ ಖಾತೆಯದೇ. ನೋಡಲು ಬಂದವರೆದುರು ನನ್ನ ಮುಂದಾಲೋಚನೆಯನ್ನು ನಾನೇ ಹೊಗಳಿಕೊಂಡೆ. ಟೀಚರ್ ಹೆಸರು ಒಮ್ಮೆಯೂ ಬಾಯಿಗೆ ಬರಲಿಲ್ಲ. ಮೊನ್ನೆ ಅಂಗಡಿಯಲ್ಲಿ ನಿಂತಾಗ ಅದು ನಾಚಿಕೆ ತಂದಿತು.

ನಿನ್ನೆ ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ನೀಲಗುಂದಕ್ಕೆ ಹೋದೆ. ಟೀಚರ್ ಬಹಳ ಸೊರಗಿದ್ದಾರೆ, ದನಿ ಮಾತ್ರ ಅದೇ. ಅವರ ಯಜಮಾನರು ತೀರಿಕೊಂಡದ್ದು ನನಗೆ ಅಲ್ಲಿಯೇ ತಿಳಿಯಿತು. ಆಪರೇಷನ್ ವಿಷಯ ಹೇಳಿದೆ.

“ಯಾರ ಮುಂದರ ಕೈ ಚಾಚಿದ್ರೇನ್ರಿ?”

“ಇಲ್ರಿ ಟೀಚರ್.”

ಅವರು ತಟ್ಟೆಗೆ ಬಿಸಿ ರೊಟ್ಟಿ ಹಾಕಿ ನನ್ನ ಮುಂದಿಟ್ಟರು. ಆಮೇಲೆ, “ನಮ್ಮವ್ರು ಇರಬೇಕಿತ್ತು, ಕೇಳಾಕ” ಎಂದರು.

ನಾನು ತಟ್ಟೆ ಬದಿಗಿಟ್ಟು ಎದ್ದೆ. ಬಗ್ಗಿ ಕಾಲು ಮುಟ್ಟಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡು, “ಏಳ್ರಿ, ರೊಟ್ಟಿ ಆರ್ತಾವ” ಎಂದರು.