ಅಟ್ಟದ ಕೆಳಗಿನ ಕೆಂಪು ಮೀನು

ನಮ್ಮ ಮಾವನ ಬಲಗೈ ಮೊಣಕೈವರೆಗೆ ಒಂದು ಬಣ್ಣ, ಅಲ್ಲಿಂದ ಮೇಲೆ ಇನ್ನೊಂದು ಬಣ್ಣ. ದಿನಾ ಉಪ್ಪುನೀರಿನಲ್ಲಿ ಅದ್ದಿ ಅದ್ದಿ ಮುಂಗೈ ಬಿಳಿಚಿಕೊಂಡು, ಬೆರಳ ತುದಿಗಳು ನೆನೆದ ಅವಲಕ್ಕಿಯಂತೆ ಸುಕ್ಕುಗಟ್ಟಿರುತ್ತಿದ್ದವು. ನನ್ನ ತವರು ಹಂದನಕೆರೆಗೆ ಹೆಣ್ಣು ನೋಡಲು ಬಂದ ದಿನ ನಾನು ಗಂಡಿನ ಮುಖಕ್ಕಿಂತ ಹೆಚ್ಚು ನೋಡಿದ್ದು ಗಂಡಿನ ಅಪ್ಪನ ಆ ಕೈಯನ್ನೇ. ಏನೋ ಚರ್ಮದ ಕಾಯಿಲೆ ಇರಬೇಕು ಎಂದು ಅಮ್ಮನ ಕಿವಿಯಲ್ಲಿ ಉಸುರಿಯೂ ಇದ್ದೆ.

ಕಾಯಿಲೆಯಲ್ಲ, ಹುಚ್ಚು. ತುರುವೇಕೆರೆ ಪಕ್ಕದಲ್ಲಿ ತೆಂಗಿನ ತೋಟ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ಮೊಟ್ಟೆಗೂ ಪ್ರವೇಶವಿಲ್ಲ. ಅಂಥ ಮನುಷ್ಯ ಗಾಜಿನ ತೊಟ್ಟಿಯಲ್ಲಿ ಆಳ ಸಮುದ್ರದ ಮೀನು ಸಾಕುತ್ತಿದ್ದರು. ಅದರ ಊಟಕ್ಕೆ ಸಿಗಡಿ ಹೆಚ್ಚುವ ಚಾಕು ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಹೆಚ್ಚಿ ಕೊಟ್ಟು, ಸ್ನಾನ ಮಾಡಿ, ಆಮೇಲೆ ಲಿಂಗಪೂಜೆ. ಊರವರು ನಗುತ್ತಿದ್ದರು. ಮಾವನಿಗೂ ನಗು ಬರುತ್ತಿತ್ತು. "ಐವತ್ತು ವರ್ಷ ಆದ್ಮೇಲೆ ಸಮುದ್ರ ನೋಡ್ದೆ ಕಣಮ್ಮ. ಮೇಲ್ಗಡೆ ನೋಡಿ ಸಾಕಾಗ್ಲಿಲ್ಲ, ಅಷ್ಟೇಯ" ಎನ್ನುತ್ತಿದ್ದರು.

ತೊಟ್ಟಿ ಇದ್ದದ್ದು ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ. ಅಟ್ಟದ ಮೇಲೆ ಕಾಯಿಗಳು ವರ್ಷವಿಡೀ ಮಲಗಿ, ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತವೆ. ಕೆಳಗೆ ತಂಪು, ಕತ್ತಲೆ. ಆಳದ ಮೀನಿಗೆ ಅದೇ ಬೇಕು ಎಂದು ಕಂಡುಕೊಂಡಿದ್ದರು. ನಾನು ಬಂದಾಗ ಇದ್ದದ್ದು ಒಂದೇ ಮೀನು. ಕೆಂಪು ಮೈ, ಮುಖವನ್ನೆಲ್ಲ ತುಂಬಿದ ಕಣ್ಣು. ಮಲ್ಪೆಯ ದೋಣಿಯವರೊಬ್ಬರ ಜೊತೆ ತಾವೇ ಹೋಗಿ, ಗಾಳದಲ್ಲಿ ಹಿಡಿದು ತಂದದ್ದು. ತಿಪಟೂರಿನ ಕಡೆ ಮನೆಯಲ್ಲಿ ಮೀನು ಸಾಕುವವರು ಬಂದು ಕೇಳಿದರೆ, ನೋಡಲು ಬಿಡುತ್ತಿದ್ದರು, ಕೊಡುತ್ತಿರಲಿಲ್ಲ.

"ಬೇಗ ಎಳುದ್ರೆ ಹೊಟ್ಟೆವೊಳಗಿನ ಗಾಳಿ ಉಬ್ಕಂಡು ಸತ್ತೋಗ್ತದೆ. ಒಂದಿಷ್ಟು ಎಳೀಬೇಕು, ನಿಲ್ಲುಸ್ಬೇಕು. ಅದು ಸುಧಾರುಸ್ಕಂಡ ಮ್ಯಾಲೆ ಇನ್ನೊಂದಿಷ್ಟು. ಅರ್ಧ ದಿನ ದಾರ ಹಿಡ್ಕಂಡು ಕೂತಿದ್ದೆ" ಎಂದು ಬಂದವರಿಗೆಲ್ಲ ಹೇಳುವರು. ನಾನು ಮಜ್ಜಿಗೆ ಕೊಡುತ್ತಾ ಮುಸಿಮುಸಿ ನಗುತ್ತಿದ್ದೆ. ಎಷ್ಟನೇ ಸಲವೋ ಕೇಳುತ್ತಿದ್ದದ್ದು.

ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ನನ್ನ ಗಂಡ ಬೈಕಿನಲ್ಲಿ ಹೋದವರು ವಾಪಸು ಬರಲಿಲ್ಲ. ಮಾವನಿಗೆ ಅವರೊಬ್ಬರೇ ಮಗ. ಅತ್ತೆ ಮೊದಲೇ ಇರಲಿಲ್ಲ. ತಿಥಿ ಕಳೆದ ಮೇಲೆ ನಾನು ಆ ಕತ್ತಲೆ ಕೋಣೆ ಹೊಕ್ಕು, ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ಅಮ್ಮ ಬಂದು ಅತ್ತಳು, ಬೈದಳು. ತವರಿಗೆ ಕರೆದುಕೊಂಡು ಹೋಗಲು ರಟ್ಟೆ ಹಿಡಿದು ಎಳೆದಾಗ ನನಗೆ ಉಸಿರೇ ನಿಂತಂತಾಯಿತು. ಬಾಗಿಲಲ್ಲಿ ನಿಂತಿದ್ದ ಮಾವ, "ಬುಡ್ರವ್ವ, ಒಂದೇ ಸಲುಕ್ಕೆ ಎಳೀಬ್ಯಾಡಿ" ಎಂದರು. ಅಷ್ಟೇ.

ಆಮೇಲೆ ದಿನಾ ಮೀನಿಗೆ ಹಾಕಲು ಬರುವರು, ನನ್ನ ಪಕ್ಕ ಊಟದ ತಟ್ಟೆ ಇಟ್ಟು ಹೋಗುವರು. ಒಂದು ದಿನ, "ಇವತ್ತು ಬಾಗ್ಲುಗಂಟ ಬಾರಮ್ಮ, ಸಾಕು" ಎಂದರು. ಹೊಸ್ತಿಲಲ್ಲಿ ಕೂತೆ. ಒಂದು ವಾರ ಅದಕ್ಕಿಂತ ಮುಂದಕ್ಕೆ ಕರೆಯಲಿಲ್ಲ. ನಂತರ ಜಗುಲಿ. ಜಗುಲಿಯಲ್ಲಿ ಹದಿನೈದು ದಿನ. ಆಮೇಲೆ ಕೊಟ್ಟಿಗೆ. ತಮ್ಮ ಮಗ ಸತ್ತಿದ್ದಾನೆ ಎಂಬುದನ್ನು ಆ ದಿನಗಳಲ್ಲಿ ಅವರು ಎಲ್ಲಿ ಇಟ್ಟುಕೊಂಡಿದ್ದರೋ, ನಾನು ಕೇಳಲೂ ಇಲ್ಲ. ನನ್ನ ದುಃಖವೇ ನನಗೆ ದೊಡ್ಡದಾಗಿತ್ತು.

ಆಷಾಢದಲ್ಲಿ ಜಡಿಮಳೆ ಹಿಡಿಯಿತು. ಮಾವ ತಿಪಟೂರಿಗೆ ಹೋಗಿದ್ದರು. ಅಟ್ಟದಿಂದ ಮುಗ್ಗಲು ವಾಸನೆ ಬರುತ್ತಿತ್ತು, ಕಾಯಿ ಕೆಡುತ್ತದೆ ಅನ್ನಿಸಿತು. ನಮ್ಮ ತವರಿನಲ್ಲಿ ಜಡಿ ಹಿಡಿದರೆ ಹೆಂಗಸರು ಅಟ್ಟದ ಕೆಳಗೆ ಹೊಗೆ ಹಾಕುತ್ತಾರೆ. ಎಷ್ಟೋ ತಿಂಗಳಾದ ಮೇಲೆ ನಾನಾಗಿಯೇ ಎದ್ದೆ. ಬಾಂಡ್ಲಿಗೆ ತೆಂಗಿನ ಸಿಪ್ಪೆ ತುಂಬಿ, ಕೆಂಡ ಹಾಕಿ, ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿದೆ. ತೊಟ್ಟಿಗೆ ಗಾಳಿ ಊದುವ ಪಂಪು ಆ ಹೊಗೆಯನ್ನೆಲ್ಲ ಎಳೆದುಕೊಂಡು ನೀರಿಗೆ ಊದುತ್ತದೆ ಎಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಮೀನು ಬಂದಂದಿನಿಂದ ಆ ಮನೆಯಲ್ಲಿ ಯಾರೂ ಹೊಗೆ ಹಾಕಿರಲಿಲ್ಲ ಎಂದೂ ಗೊತ್ತಿರಲಿಲ್ಲ.

ಮಾವ ಬಂದು ಬಾಗಿಲು ತೆರೆದಾಗ ಮೀನು ಪಕ್ಕಕ್ಕೆ ಹೊರಳಿ ತೇಲುತ್ತಿತ್ತು. ಅವರು ಕೈ ಇಳಿಬಿಟ್ಟು ಅದನ್ನೆತ್ತಿ ಟವೆಲ್ಲಿನಲ್ಲಿ ಸುತ್ತಿದರು.

"ಯಾರು ಹೊಗೆ ಹಾಕ್ದೋರು?"

"ನಾನೇ ಮಾವ."

"ಹಾಕು ಅಂತ ಯಾರಾದ್ರೂ ಹೇಳುದ್ರಾ?"

"ಇಲ್ಲ ಮಾವ."

ನನ್ನ ಮುಖ ನೋಡಿದರು. "ಆಯ್ತು ಬುಡು. ನಾಳಿಕೂ ಹಾಕು. ಕಾಯಿ ಇನ್ನೂ ತ್ಯಾವ ಅವೆ" ಎಂದು ಹೇಳಿ ತೋಟಕ್ಕೆ ಹೋದರು. ತೆಂಗಿನ ಬುಡದಲ್ಲಿ ಗುಂಡಿ ತೋಡಿ, ಮೀನನ್ನು ಹೂತು, ಮಳೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತರು. ಮಗ ಹೋದ ದಿನವೂ ಅವರು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಇನ್ನೊಂದು ಮೀನು ತನ್ನಿ ಮಾವ, ನಾನೇ ನೋಡಿಕೊಳ್ಳುತ್ತೇನೆ ಎಂದು ಪ್ರತಿ ವರ್ಷ ಗೋಗರೆದೆ. "ಸಿಕ್ತಿಲ್ಲ ಕಣಮ್ಮ. ಸಿಕ್ರೆ ಮಲ್ಪೆಯೋರೇ ಫೋನ್ ಮಾಡ್ತಾರೆ" ಎನ್ನುತ್ತಿದ್ದರು. ತೋಟದ ಲೆಕ್ಕಾಚಾರ, ಕೊಬ್ಬರಿಯ ಕೆಲಸ ಎಲ್ಲ ಒಂದೊಂದಾಗಿ ನನ್ನ ಕೈಗೆ ಬಂತು. ಮೂರು ಮಳೆಗಾಲ ಹೊಗೆ ಹಾಕಿದೆ.

ಈ ವರ್ಷ ಶಿವರಾತ್ರಿ ಕಳೆದು ವಾರಕ್ಕೆ ಮಾವ ಹೋದರು. ಪೂಜೆಗೆ ಕೂತವರು ಹಾಗೇ ಗೋಡೆಗೆ ಒರಗಿದ್ದರು. ಕೂರಿಸಿ ಮೈಗೆಲ್ಲ ವಿಭೂತಿ ಹಚ್ಚುವಾಗ ಬಲಗೈ ನನ್ನ ಪಾಲಿಗೆ ಬಂತು. ಭುಜದಿಂದ ಬೆರಳಿನವರೆಗೆ ಒಂದೇ ಬಣ್ಣ. ಸತ್ತ ಮೇಲೆ ಹೀಗಾಗುತ್ತದೇನೋ ಎಂದುಕೊಂಡು ಹಚ್ಚಿದೆ.

ಮಲ್ಪೆಯ ದೋಣಿಯವರಿಗೆ ಸುದ್ದಿ ಮುಟ್ಟಿಸಲು ಫೋನ್ ಮಾಡಿದೆ. ಅವರು ಬಹಳ ನೊಂದುಕೊಂಡರು. "ಪಾಪ, ಆ ಮೀನು ಇನ್ನೊಂದು ಸಿಗಲೇ ಇಲ್ಲವಲ್ಲ ಅವರಿಗೆ" ಎಂದೆ.

"ಯಾರು ಹೇಳಿದ್ದು ಮಾರಾಯ್ರೆ? ವರ್ಷ ವರ್ಷ ಸಿಕ್ಕಿದೆ. ನಾನೇ ಫೋನ್ ಮಾಡಿದ್ದು. ಬೇಡ ಅಂತ ಅವರೇ ಹೇಳಿದ್ದಲ್ವಾ. ಮೀನು ತಂದ್ರೆ ಮಗಳು ಆ ಕೋಣೆಗೆ ಕೆಂಡ ಹಿಡ್ಕೊಂಡು ಹೋಗ್ಲಿಕ್ಕೆ ಹೆದರ್ತಾಳೆ, ಈಗಷ್ಟೇ ಎದ್ದಿದ್ದಾಳೆ ಅಂತ."

ಮೂರು ವರ್ಷ ದಿನಾ ಮಾವನ ಆ ಕೈಗೆ ತಟ್ಟೆ ಕೊಟ್ಟಿದ್ದೇನೆ, ಲೋಟ ಕೊಟ್ಟಿದ್ದೇನೆ. ಉಪ್ಪುನೀರು ಕಾಣದೆ ಅದು ಮೆಲ್ಲಮೆಲ್ಲಗೆ ಒಂದೇ ಬಣ್ಣಕ್ಕೆ ತಿರುಗಿದ್ದು ನನ್ನ ಕಣ್ಣೆದುರೇ. ಆ ಮನೆಯವರಲ್ಲಿ ನಾನು ಮೊಟ್ಟಮೊದಲು ನೋಡಿದ್ದೇ ಆ ಕೈಯನ್ನು, ಆಮೇಲೆ ನೋಡಲೇ ಇಲ್ಲ.